ಸಿಮೆಂಟಕ್ಕ ಹಡಗು ಹತ್ತಿದ್ದು

ಹೋದ ವಾರ ಜಹೀರಾಬಾದಿನ ಪೇಟೆಯಲ್ಲಿ ಮಳೆಗೆ ಸಿಕ್ಕಿಬಿದ್ದೆ. ಓಡಿ ಹೋಗಿ ಒಂದು ರೆಡಿಮೇಡ್ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಂತೆ. ಒಳಗೆ ಅಂಗಡಿಯವನು ಯಾರಿಗೋ ಹೊಸ ರೇನ್‌ಕೋಟ್ ಕೊಡವಿ ತೋರಿಸುತ್ತಿದ್ದ. ಮಡಿಕೆ ಬಿಚ್ಚಿದ ಕೂಡಲೇ ಆ ವಾಸನೆ ಬಂತು... ಹೊಸ ರಬ್ಬರಿನದು, ಗಂಟಲಿಗೆ ಹತ್ತುವಂಥದ್ದು. ಮಳೆ ನಿಂತ ಮೇಲೂ ನಾನು ಮೆಟ್ಟಿಲು ಇಳಿಯಲಿಲ್ಲ. ನಮ್ಮ ಸಿಮೆಂಟಕ್ಕ ಕಣ್ಣ ಮುಂದೆ ಬಂದು ನಿಂತುಬಿಟ್ಟಿದ್ದಳು.

ತಾಂಡೂರಿನಲ್ಲಿ ಅವಳದು ನಮ್ಮ ಪಕ್ಕದ ಮನೆ. ಸ್ಟೇಷನ್ ರಸ್ತೆಯಲ್ಲಿ ಸಿಮೆಂಟಿನ ದುಕಾನು. ಗಂಡ ತೀರಿಕೊಂಡ ಮೇಲೆ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ತಾನೇ ಬಂದು ಕೂತಳು. ಮೇಸ್ತ್ರಿಗಳ ಜೊತೆ ತೆಲುಗು, ಲಾರಿ ಡ್ರೈವರುಗಳ ಜೊತೆ ಉರ್ದು, ನನ್ನ ಜೊತೆ ಕನ್ನಡ. ಮೂರರಲ್ಲೂ ಅದೇ ಗಟ್ಟಿ ದನಿ. ಓಣಿಯವರು ಸಿಮೆಂಟಕ್ಕ ಅಂತ ಕರೆದರು, ಅವಳಿಗೂ ಅದೇ ಇಷ್ಟವಾಯಿತು. ಆದರೆ ದುಕಾನಿನ ಬೋರ್ಡಿನಲ್ಲಿ ಮಾತ್ರ ಗಂಡನ ಹೆಸರು, ಅದರ ಮುಂದೆ 'ಬ್ರದರ್ಸ್' ಅಂತ ಇತ್ತು. ಬ್ರದರ್ ಅಂದರೆ ಅವಳ ಮೈದುನ. ಅವನು ಮಧ್ಯಾಹ್ನ ಬರುವನು, ಚಹಾ ಕುಡಿಯುವನು, ಸಿಮೆಂಟ್ ಕಂಪನಿಯವರು ಬಂದಿದ್ದರೆ ಕೈಕುಲುಕುವನು, ಹೋಗುವನು. ಕೈಕುಲುಕುವ ಕೆಲಸ ಅವನದು, ಉಳಿದದ್ದೆಲ್ಲ ಅಕ್ಕನದು.

ನಾನು ಆಗ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ನನ್ನ ಗಂಡ ಕರಣಕೋಟದ ಕಾರ್ಖಾನೆಗೆ ಹೋಗುತ್ತಿದ್ದರು.

ಒಂದು ವರ್ಷ ಅಕ್ಕನ ದುಕಾನಿನ ಮಾಲು ನಮ್ಮ ಸೀಮೆಯಲ್ಲೇ ಎಲ್ಲರಿಗಿಂತ ಹೆಚ್ಚು ಖರ್ಚಾಯಿತು. ಹಾಗೆ ಮಾರಿದ ವ್ಯಾಪಾರಿಗಳನ್ನೆಲ್ಲ ಕಂಪನಿ ನಾರ್ವೆ ದೇಶದ ಕಡೆ ಹಡಗಿನಲ್ಲಿ ಕರೆದುಕೊಂಡು ಹೋಗುತ್ತದಂತೆ, ಜೊತೆಗೆ ಒಬ್ಬರು ಬರಬಹುದಂತೆ, ಇನಾಮು ಅಲ್ಲೇ ಹಡಗಿನಲ್ಲೇ ಕೊಡುತ್ತಾರಂತೆ. ಸುದ್ದಿ ಬಂದ ಸಂಜೆಯೇ ಮೈದುನ ಅಕ್ಕನ ಮನೆಗೆ ಬಂದ. ನಾನು ಟೇಪು ಹಿಡಿದು ಅಕ್ಕನ ರವಿಕೆಯ ಅಳತೆ ತೆಗೆಯುತ್ತಿದ್ದೆ.

"ಅತ್ತಿಗಿ, ನಾನೂ ನಮ್ಮಾಕಿನೂ ಹೋಗಿ ಬರ್ತೀವ್ರಿ. ಕಂಪನ್ಯಾಗ ನನ್ನ ಹೆಸರು ಬರಸೀನಿ. ಆ ಥಂಡಿ ನಿಮಗ ತಡ್ಯಾಂಗಿಲ್ಲ. ನೀವು ಹೈದ್ರಾಬಾದ್ ದಾಟಿದವ್ರಲ್ಲ."

ಅಕ್ಕ ತೋಳು ಚಾಚಿಕೊಂಡೇ ನಿಂತಿದ್ದಳು. "ತಡೀತೀನೋ ಇಲ್ಲೋ ಆ ಥಂಡಿನೇ ಹೇಳ್ಲಿ. ನಾನ ಹೋಗ್ತೀನಿ."

"ಯಾರ ಜೋಡಿ?"

"ಈಕಿ ಜೋಡಿ," ಅಂದಳು. ಟೇಪು ನನ್ನ ಕೈಯಿಂದ ಜಾರಿ ಕೆಳಗೆ ಬಿತ್ತು.

ಅವನು ಹೋದ ಮೇಲೆ ಅಕ್ಕ ನೆಲದ ಮೇಲೆ ಕೂತು ಮೆತ್ತಗೆ ಹೇಳಿದಳು: "ತಂಗಿ, ಕಂಪನಿಯವ್ರು ನನ್ನ ಮಾರಿ ನೋಡಿ ಮಾತಾಡೇ ಇಲ್ಲ. ಅಲ್ಲಿ ಯಾರು ನಿಂತು ಇನಾಮು ತಗೋತಾರ, ನಾಳಿ ದುಕಾನ್ ಅವರ ಹೆಸರೀಗೇ ಹೋಗ್ತದ." ಅವಳಿಗೆ ಒಬ್ಬಳೇ ಮಗಳು, ನಾರಾಯಣಖೇಡಕ್ಕೆ ಕೊಟ್ಟಿದ್ದಳು. ಆ ದುಕಾನು ಬಿಟ್ಟರೆ ಅವಳದು ಅನ್ನುವಂಥದ್ದು ಬೇರೇನೂ ಇರಲಿಲ್ಲ.

ನನ್ನ ಗಂಡ ಕೇಳಿ ನಕ್ಕರು. "ಹೋಗಿ ಬಾ. ನಾ ಅಂತೂ ನಿನ್ನ ಹಡಗು ಹತ್ತಸಾಂವಲ್ಲ," ಅಂದರು.

ಆಮೇಲೆ ಶುರುವಾಯಿತು ನೋಡಿ ಬಟ್ಟೆಯ ಗದ್ದಲ. ಪ್ರವಾಸದ ಏಜೆಂಟ್ ಫೋನಿನಲ್ಲಿ ಹೇಳಿದ್ದ, ಅಲ್ಲಿಗೆ ಅದು ಬೇಸಿಗೆ, ಆದರೆ ನಂಬುವಂತಿಲ್ಲ, ಒಂದೇ ಹೊತ್ತಿನಲ್ಲಿ ಬಿಸಿಲು, ಮಳೆ, ಗಾಳಿ, ಆಲಿಕಲ್ಲು ಎಲ್ಲ ಬರಬಹುದು ಅಂತ. ಬೇರೆ ವ್ಯಾಪಾರಿಗಳೆಲ್ಲ ದಪ್ಪ ದಪ್ಪ ಕೋಟು ಕೊಂಡರಂತೆ. ಅಕ್ಕ ಬೇಡ ಅಂದಳು. "ಅದು ಹಾಕ್ಕೊಂಡ್ರ ಉಬ್ಬಿ, ತಗದ್ರ ಥಂಡಿ. ತೆಳ್ಳಗಿದ್ದದ್ದು ಮ್ಯಾಲಮ್ಯಾಲ ಹಾಕ್ಕೊಂಡ್ರ ಬೇಕಾದಷ್ಟು ಇಟ್ಕೋಬಹುದು."

ಇಬ್ಬರೂ ಜಹೀರಾಬಾದಿಗೆ ಹೋಗಿ ಉಣ್ಣೆಯ ಒಳಅಂಗಿ, ಕಾಲುಚೀಲ, ಕಿವಿ ಮುಚ್ಚುವ ಟೋಪಿ ತಂದೆವು. ಉಣ್ಣೆ ಬಟ್ಟೆಯಲ್ಲಿ ತುಂಬುತೋಳಿನ ರವಿಕೆ ಹೊಲಿದೆ. ಫ್ಲಾನೆಲ್ ಬಟ್ಟೆಯ ಲಂಗಕ್ಕೆ ಒಳಗೆ ಜೇಬು ಇಟ್ಟೆ. ನೂಲಿನ ಸೀರೆ ತೊಯ್ದರೆ ಒಣಗುವುದಿಲ್ಲ ಅಂತ ಸಿಂಥೆಟಿಕ್ ಸೀರೆಗಳನ್ನೇ ಆರಿಸಿದೆವು. ಗಂಡಸರ ದೊಡ್ಡ ರೇನ್‌ಕೋಟ್ ತಂದು, ಸೆರಗಿನ ಮೇಲೆ ಸರಿಯಾಗಿ ಕೂಡುವಂತೆ ಪಕ್ಕ ಬಿಚ್ಚಿ ಬಟ್ಟೆ ಕೂಡಿಸಿದೆ. ವಾರವಿಡೀ ನನ್ನ ಮನೆಯಲ್ಲಿ ಆ ರಬ್ಬರಿನ ವಾಸನೆಯೇ...

ಜಗಳವಾದದ್ದು ಬೂಟಿಗೆ. "ಸೀರಿ ಮ್ಯಾಲ ಬೂಟು ಹಾಕ್ಕೊಂಡ್ರ ಪೊಲೀಸಾಕಿ ಅಂತಾರ," ಅಂದಳು. ಕೊನೆಗೆ ಒಪ್ಪಿ, ಗೋದಾಮಿನ ಚೀಲಗಳ ಸಾಲಿನ ನಡುವೆ ದಿನಾ ನಡೆದು ರೂಢಿ ಮಾಡಿಕೊಂಡಳು. ಬಿಳಿ ಕ್ಯಾನ್ವಾಸ್ ಬೂಟು ಹೊರಡುವುದರೊಳಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಅಕ್ಕನ ತವರು ಸಿರ್ಗಾಪುರದಿಂದ ಕುರಿ ಕಾಯುವ ಮನೆಯವರು ಒಂದು ಕರಿ ಕಂಬಳಿ ಕಳಿಸಿದ್ದರು. ಅದೊಂದೇ ಅರ್ಧ ಪೆಟ್ಟಿಗೆ ತುಂಬಿತು. ನಾನು ಹಟ ಹಿಡಿದು ಹೊರಗೆ ತೆಗೆಸಿದೆ. ಅದಕ್ಕೆ ಹಡಗಿನಲ್ಲಿ ದಿನಾ ಬೈಸಿಕೊಂಡೆ.

ಪೆಟ್ಟಿಗೆ ಮುಚ್ಚುವ ಮೊದಲು ಅವಳು ತನ್ನ ಅರ್ಧ ಬಟ್ಟೆ ನನ್ನದರಲ್ಲಿ, ನನ್ನ ಅರ್ಧ ತನ್ನದರಲ್ಲಿ ಇಟ್ಟಳು. "ಎಲ್ಲಾ ಮಾಲು ಒಂದ ಲಾರ್ಯಾಗ ನಾ ಯಾವತ್ತೂ ಹೇರಿಲ್ಲ," ಅಂದಳು. ಹಾಗೆ ಮಾಡಿದ್ದೇ ಒಳ್ಳೆಯದಾಯಿತು. ವಿಮಾನ ಇಳಿದಾಗ ನನ್ನ ಪೆಟ್ಟಿಗೆ ಬಂತು, ಅವಳದು ಬರಲೇ ಇಲ್ಲ. ರೇನ್‌ಕೋಟು, ಉಣ್ಣೆ ರವಿಕೆ ನನ್ನದರಲ್ಲೇ ಇದ್ದವು.

ಆದರೆ ಸಮುದ್ರ ಸುಮ್ಮನಿರಬೇಕಲ್ಲ. ಮೊದಲ ದಿನ ಹಡಗು ತೂಗಾಡಿದ ರಭಸಕ್ಕೆ ಅಕ್ಕನ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿ, "ಮೈದುನ ಅಂದದ್ದ ಖರೆ ಆತು... ನನ್ನ ಮನಿಗಿ ಕರಕೊಂಡು ನಡಿ," ಅಂತ ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನನಗೂ ಜೀವ ಹಾರಿಹೋಗಿತ್ತು. ಬೇರೆ ಏನು ಮಾಡಬೇಕೋ ತಿಳಿಯದೆ, ಕಟ್ಟಿಕೊಂಡು ಬಂದಿದ್ದ ಜೋಳದ ಒಣ ಕಟಿರೊಟ್ಟಿ ಮುರಿದು, ಶೇಂಗಾ ಪುಡಿ ಹಚ್ಚಿ ತುಸುತುಸುವೇ ತಿನ್ನಿಸಿದೆ. ಎದ್ದು ಕೂತಳು. ಕಿಟಕಿಯಲ್ಲಿ ಸೂರ್ಯ ಮುಳುಗಲೊಲ್ಲೆ ಅನ್ನುತ್ತಿದ್ದ. "ಹೀಂಗಾದ್ರ ಸಂಜಿ ಪೂಜಾ ನಾ ಯಾವಾಗ ಮಾಡ್ಲಿ?" ಅಂದಳು. ಆಗ ನನಗೆ ಧೈರ್ಯ ಬಂತು.

ಇನಾಮಿನ ದಿನ ಮುಂಜಾನೆ ಚೊಕ್ಕ ಬಿಸಿಲು. ಹಡಗಿನ ಮೇಲಟ್ಟದಲ್ಲಿ ಕುರ್ಚಿ ಹಾಕಿದ್ದರು. ಬಿಸಿಲು ನೋಡಿ ಎಲ್ಲರೂ ದಪ್ಪ ಕೋಟು ಕೋಣೆಯಲ್ಲೇ ಬಿಟ್ಟು, ಗಂಡಸರು ಸೂಟಿನಲ್ಲಿ, ಹೆಂಗಸರು ರೇಷ್ಮೆಯಲ್ಲಿ ಬಂದರು. ಅಕ್ಕ ಮಾತ್ರ ಒಳಗೆ ಎಲ್ಲ ಹಾಕಿಕೊಂಡು, ಮೇಲೆ ಹಸಿರು ಸೀರೆ ಉಟ್ಟು, ರೇನ್‌ಕೋಟ್ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಒಬ್ಬೊಬ್ಬರ ಹೆಸರೂ ಕೂಗಿದರು. ತಾಂಡೂರು ಬಂತು. ಕೂಗಿದ್ದು ಮೈದುನನ ಹೆಸರು; ಏಜೆಂಟನ ಹತ್ತಿರ ಟಿಕೆಟು ನಮ್ಮ ಹೆಸರಿಗೆ ಮಾಡಿಸಿದ್ದೆವು, ಇನಾಮಿನ ಪಟ್ಟಿಯಲ್ಲಿ ಮಾತ್ರ ಅವನದೇ ಉಳಿದಿತ್ತು. ಯಾರೂ ಏಳಲಿಲ್ಲ. ಮತ್ತೆ ಕೂಗಿದರು. ಬಂದಿಲ್ಲ ಅಂತ ಕಂಪನಿಯ ಸಾಹೇಬರು ಇನ್ನೊಂದು ಊರು ಕೂಗುವಷ್ಟರಲ್ಲಿ ಅಕ್ಕ ಎದ್ದಳು. ಬೂದಿ ಬಣ್ಣದ ಬೂಟು ಹಾಕಿಕೊಂಡು, ತೂಗುವ ನೆಲದ ಮೇಲೆ ಗೋದಾಮಿನಲ್ಲಿ ನಡೆದಂತೆ ನಡೆದು ಹೋಗಿ, ಮೈಕಿನ ಮುಂದೆ ನಿಂತು ತೆಲುಗಿನಲ್ಲಿ ಹೇಳಿದಳು: "ಆ ಹೆಸರಿನವರು ಊರಲ್ಲಿದ್ದಾರೆ. ಸಿಮೆಂಟು ಮಾರಿದವಳು ಇಲ್ಲಿದ್ದೇನೆ. ನನ್ನ ಹೆಸರು ಕೂಗಿ, ತಗೊಳ್ತೇನೆ."

ಅಷ್ಟರಲ್ಲಿ ಎಲ್ಲಿತ್ತೋ ಏನೋ, ಗುಡ್ಡದ ಸಂದಿಯಿಂದ ಕರೀ ಮೋಡ ಬಂದು ಆಲಿಕಲ್ಲು ಸುರಿಯತೊಡಗಿತು. ಕುರ್ಚಿಗಳೆಲ್ಲ ಖಾಲಿ. ಜನ ಬಾಗಿಲ ಹತ್ತಿರ ಗುಂಪಾದರು. ಸಾಹೇಬರೂ ಓಡಲು ನೋಡಿದರು, ಅಕ್ಕ ದಾರಿಯಲ್ಲಿ ನಿಂತಿದ್ದಳು. "ಒಳಗೆ ನೋಡೋಣಮ್ಮ," ಅಂತ ಅವರು ಹಲ್ಲು ಕಟಕಟಿಸುತ್ತಾ ತೆಲುಗಿನಲ್ಲೇ ಅಂದರು. ಅಕ್ಕ ನಿಧಾನಕ್ಕೆ ರೇನ್‌ಕೋಟ್ ಹಾಕಿಕೊಂಡು, ಗುಂಡಿಗಳನ್ನೆಲ್ಲ ಒಂದೊಂದಾಗಿ ಹಚ್ಚಿ, ಕಿವಿಯ ಟೋಪಿ ಎಳೆದುಕೊಂಡು ಹೇಳಿದಳು: "ನನಗ ಅವಸರ ಇಲ್ರಿ ಸಾಹೇಬ್ರ. ನಾ ನಿಂದರ್ತೀನಿ."

ಕನ್ನಡದಲ್ಲೇ ಹೇಳಿದಳು. ಅವರಿಗೆ ಅರ್ಥವಾಯಿತು. ಅಲ್ಲೇ ಮೈಕ್ ಹಿಡಿದು, ನಡುಗುವ ದನಿಯಲ್ಲಿ ಅವಳ ಹೆಸರನ್ನು, ಪೂರ್ತಿ ಹೆಸರನ್ನು, ತಾಂಡೂರಿನ ದುಕಾನಿನ ಮಾಲಕರು ಅಂತ ಕೂಗಿದರು. ಬಾಗಿಲ ಹತ್ತಿರ ಮುದುಡಿ ನಿಂತಿದ್ದವರೆಲ್ಲ ಚಪ್ಪಾಳೆ ಹೊಡೆದರು, ಕೆಲವರು ಸೀಟಿ ಹಾಕಿದರು. ನಾನು ಅತ್ತುಬಿಟ್ಟೆ. ಅವಳು ಬಂದು ನನ್ನ ಕಿವಿಯಲ್ಲಿ ಅಂದದ್ದು, "ಕಂಬಳಿ ಇದ್ದಿದ್ರ ಇನ್ನೂ ಛಲೋ ಇತ್ತು ನೋಡು."

ಊರಿಗೆ ಬಂದ ಮೇಲೆ ಪೇಂಟರನ್ನು ಕರೆಸಿ 'ಬ್ರದರ್ಸ್' ಅಳಿಸಿದಳು. ಮೈದುನನನ್ನು ಬಿಡಲಿಲ್ಲ. "ಗೋದಾಮು ನೀ ನೋಡ್ಕೋ, ದುಕಾನ್ ನಾ ನೋಡ್ಕೋತೀನಿ," ಅಂದಳು. ಅವನು ಕೆಲವು ದಿನ ಮುಖ ಊದಿಸಿಕೊಂಡಿದ್ದ, ಆಮೇಲೆ ಗೋದಾಮಿನ ಬೀಗದ ಕೈ ಇಸಿದುಕೊಂಡ. ಕಂಪನಿಯವರು ಬಂದಾಗ ಕುರ್ಚಿಯಿಂದ ಏಳದೆ ಕೈ ಮುಗಿಯುವುದು ಅಕ್ಕನ ರೂಢಿಯಾಯಿತು.

ಅವಳು ಹೋಗಿ ಈಗ ಕೆಲವು ವರ್ಷವಾದವು. ಜ್ವರ ಅಂತ ಮಲಗಿದವಳು ಏಳಲಿಲ್ಲ... ದುಕಾನು ಮಗಳು ನಡೆಸುತ್ತಾಳೆ, ದುಕಾನಿನ ಮೇಲೆಯೇ ಮನೆ ಕಟ್ಟಿಸಿಕೊಂಡಿದ್ದಾಳೆ. ಪಕ್ಕದ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಮೊನ್ನೆ ನನ್ನ ಮಗಳಿಗೆ ಬ್ಯಾಂಕಿನ ಕೆಲಸ ಸಿಕ್ಕ ಸುದ್ದಿ ಬಂತು. ಸಂತೋಷಕ್ಕೆ ಹಿತ್ತಲಿಗೆ ಓಡಿ, ಮೋಟುಗೋಡೆ ಹಿಡಿದು "ಅಕ್ಕಾ" ಅಂತ ಕೂಗಿಬಿಟ್ಟೆ. ಬಾಡಿಗೆಯ ಹುಡುಗಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಯಾರ್‍ನ ಕರದ್ರಿ?"

ಗೋಡೆಗೆ ಒರಗಿ ನಿಂತು, "ಈ ಮನ್ಯಾಗ ಒಬ್ಬಾಕಿ ಇದ್ದಳವ್ವ," ಅಂತ ಶುರುಮಾಡಿದೆ.