ಇನ್ನೊಂದು ಸಲ ಹೇಳುವುದು

ಪಂಚನಹಳ್ಳಿಯ ತೋಟಗಳಲ್ಲಿ ಮಂಜಣ್ಣ ಯಾವ ಮರದ ಮೇಲಿದ್ದಾನೆಂದು ತಿಳಿಯಲು ತಲೆಯೆತ್ತಿ ನೋಡಬೇಕಾಗಿಲ್ಲ. ಮರದ ಬುಡದಲ್ಲಿ ಅವನ ಚಪ್ಪಲಿ ಇರುತ್ತವೆ, ಪಕ್ಕದ ಬೇಲಿಗೂಟಕ್ಕೆ ನೇತುಹಾಕಿದ ಬಟ್ಟೆಚೀಲದಲ್ಲಿ ಅವನ ಫೋನು. ಮಂಜಣ್ಣ ನನ್ನ ಚಿಕ್ಕಪ್ಪನ ಮಗ, ತೆಂಗಿನಕಾಯಿ ಕೀಳುವ ಸಣ್ಣ ತಂಡವೊಂದರ ಮುಂದಾಳು. ಫೋನು ಹೀಗೆ ಚೀಲಕ್ಕಿಳಿದದ್ದು ಈಚೆಗೆ. ಮೊದಲು ಅದು ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು, ಏಕೆಂದರೆ ಕರೆ ತೆಗೆಯದಿದ್ದರೆ ತೋಟದವರು ಬೇರೆ ತಂಡವನ್ನು ಹುಡುಕಿಕೊಳ್ಳುತ್ತಾರೆ. ಒಮ್ಮೆ ಮರದ ತುದಿಯಲ್ಲಿ ಅದನ್ನು ತೆಗೆಯಲು ಹೋಗಿ ಕಾಲು ಜಾರಿ, ಹಸಿ ಗರಿಯ ಮಟ್ಟೆಯೊಂದನ್ನು ತಬ್ಬಿ ಉಳಿದುಕೊಂಡ. ಅದನ್ನು ಕಣ್ಣಾರೆ ಕಂಡೆನೆಂದು ನನ್ನ ದಿನಚರಿ ಹೇಳುತ್ತದೆ. ನಾನು ಆ ದಿನ ಕಡೂರಿನಲ್ಲಿದ್ದೆನೆಂದು ಅಮ್ಮ ಹೇಳುತ್ತಾಳೆ. ಅವಳ ಬಾಯಿಂದ ಕೇಳಿ ಕೇಳಿ ಕಂಡಂತೆಯೇ ಆಗಿಹೋಗಿರಬಹುದು. ಹೆದರಿಕೆಯಂತೂ ನನ್ನದೇ.

ಅದಕ್ಕೇ ಅವನಿಗೊಂದು ಆಪ್ ಮಾಡಿಕೊಟ್ಟೆ. ಕಡೂರಿನ ಬಾಡಿಗೆ ಕೋಣೆಯಲ್ಲಿ ಕೂತು ಎಲ್ಲೋ ಇರುವವರಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು. ಈಗ ನಮ್ಮ ಕಸುಬಿನ ಬರವಣಿಗೆಯ ದೊಡ್ಡ ಪಾಲನ್ನು ಎಐ ವಹಿಸಿಕೊಂಡಿದೆ. ಬೇಕಾದದ್ದನ್ನು ವಿವರಿಸಿದೆ, ಒಂದು ಭಾನುವಾರ ಮುಗಿಯುವುದರೊಳಗೆ ಆಪ್ ಸಿದ್ಧವಾಯಿತು. ಪಂಚನಹಳ್ಳಿಯವರಿರಲಿ, ಅಜ್ಜಂಪುರದ ಕಡೆಯವರಿರಲಿ, ಬಟನ್ ಒತ್ತಿದರೆ ಕೆಲಸ ಸರದಿಗೆ ಸೇರುತ್ತದೆ. ಸರದಿಯಂತೆ ತಂಡದವರು ಹೋಗುತ್ತಾರೆ.

ಮೊದಲ ವಾರವೇ ನಮ್ಮ ಮನೆಗೆ ಬೇಕಾದವರಾದ ಜಯಮ್ಮನ ತೋಟಕ್ಕೆ, ಒಬ್ಬರು ಸಾಕಾಗಿದ್ದರೂ, ಇಬ್ಬರು ಬಂದು ನಿಂತರು. ಇನ್ನೊಂದು ತೋಟಕ್ಕೆ ಯಾರೂ ಹೋಗದೆ, ಕಾಯಿ ಒಯ್ಯಲು ಬಂದ ಗಾಡಿ ಖಾಲಿ ನಿಂತಿತು. ಮಂಜಣ್ಣ ಕೊಟ್ಟ ಮಾತು ತಪ್ಪಿದಂತಾಯಿತು. ನಾನು ಜಯಮ್ಮನ ಬಳಿಗೆ ಓಡಿದೆ.

“ಇಬ್ರನ್ನ ಕಳ್ಸಿದ್ದೀಯಲ್ಲೇ, ಇನ್ನೊಬ್ಬಂಗೆ ಯಾವ ಮರ ತೋರಿಸ್ಲಿ? ಹುಣಸೇಮರ ಹತ್ತಿಸ್ಲಾ?” ಎಂದರು ಜಯಮ್ಮ.

“ನೀವು ಎರಡು ಸಲ ಒತ್ತಿದ್ದೀರಿ ಅತ್ತೆ.”

“ಒತ್ತದೆ ಇರ್ತಾರಾ? ಸೋಮವಾರ ಹೇಳ್ದೆ, ಕಾಯಿ ಕೀಳೋ ಹಿಂದಿನ್ ದಿನ ಗ್ಯಾಪಿಸ್ದೆ. ಒಂದ್ಸಲ ಹೇಳಿ ಸುಮ್ಕಾದ್ರೆ ಅದು ಹೇಳ್ದಂಗಾ? ನಿಮ್ಮನೆ ಮದ್ವೆಗೆ ನಿಮ್ಮಮ್ಮ ಒಂದೇ ಸಲ ಕರ್ದಿದ್ರೆ ನಾನ್ ಬತ್ತಿದ್ನೇನೇ?”

ನೀವೇ ಯೋಚಿಸಿ, ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಕಡೆ ಎರಡನೆಯ ಕರೆಯೆಂದರೆ ಮೊದಲನೆಯದರ ಬೆನ್ನು ತಟ್ಟುವುದು. ಒಂದೇ ಕೋರಿಕೆ ಎಷ್ಟು ಸಲ ಬಂದರೂ ಕೆಲಸ ಒಂದೇ ಆಗಬೇಕೆಂಬ ನಿಯಮ ನಮ್ಮ ಕಸುಬಿನಲ್ಲೂ ಹಳೆಯದು. ನೆಟ್‌ವರ್ಕ್ ಕೈಕೊಟ್ಟಾಗ ಒಂದು ಯಂತ್ರ ಇನ್ನೊಂದಕ್ಕೆ ಮತ್ತೆ ಹೇಳುತ್ತದೆಂದು ಕಾಲೇಜಿನಲ್ಲೇ ಓದಿದ್ದೆ. ಮನುಷ್ಯರು ಮರ್ಯಾದೆಗಾಗಿಯೂ ಮತ್ತೆ ಹೇಳುತ್ತಾರೆಂಬುದನ್ನು ನಾನು ಎಐಗೆ ತಿಳಿಸಿರಲಿಲ್ಲ. ತಿಳಿಸದ್ದನ್ನು ಅದು ಊಹಿಸಲೂ ಇಲ್ಲ.

ಸಮಸ್ಯೆ ಹೇಳಿದ ಕೂಡಲೇ ಅದೊಂದು ಪರಿಹಾರ ಕೊಟ್ಟಿತು: ಒಮ್ಮೆ ಒತ್ತಿದ ಮೇಲೆ ಬಟನ್ ಮಂಕಾಗಿ, ಮತ್ತೆ ಒತ್ತಲು ಬಾರದಂತೆ. ಪರೀಕ್ಷೆಗಳೆಲ್ಲ ಪಾಸಾದವು. ತೋಟದವರಿಗೆ ಮಾತ್ರ ಸತ್ತ ಬಟನ್ ಕಂಡು ದಿಗಿಲಾಯಿತು. ಕೆಲಸ ತಪ್ಪಿಹೋಯಿತೆಂದುಕೊಂಡು ಮಂಜಣ್ಣನಿಗೇ ನೇರವಾಗಿ ಫೋನ್ ಮಾಡತೊಡಗಿದರು. ಫೋನು ಪುನಃ ಜೇಬು ಸೇರಿ ಮರ ಹತ್ತಿತು.

“ಲೇ, ನಿನ್ನ ಆಪು ಮೊದ್ಲು ಪೆದ್ದಾಗಿತ್ತು, ಈಗ ಕಿವುಡೂ ಆಯ್ತು. ನಾನ್ ಬಿದ್ರೆ ಒತ್ತಾಕೂ ಒಂದು ಬಟನ್ ಮಡಗಿದ್ದೀಯಾ?” ಎಂದು ಮಂಜಣ್ಣ ನಕ್ಕ. ನನಗೆ ನಗು ಬರಲಿಲ್ಲ.

ಅದೇ ಪ್ರಶ್ನೆಯನ್ನು ಎಐಗೆ ಮತ್ತೊಮ್ಮೆ ಕೇಳಿದೆ. ಅಷ್ಟೇ ವಿನಯದಿಂದ, ಅಷ್ಟೇ ಧೈರ್ಯದಿಂದ ಬೇರೆಯೇ ಉತ್ತರ ಕೊಟ್ಟಿತು. ನನ್ನ ದಿನಚರಿಯೂ ಹಾಗೆಯೇ, ಒಂದು ಘಟನೆಯನ್ನು ಎರಡು ಸಲ ಬರೆದರೆ ಎರಡು ಘಟನೆಗಳಾಗುತ್ತವೆ. ಎಐ, ದಿನಚರಿ ಎರಡನ್ನೂ ಬದಿಗಿಟ್ಟು ಜಯಮ್ಮನ ಜಗಲಿಗೆ ಹೋಗಿ ಕೂತೆ, ಮಂಕಾಗದ ಹಳೆಯ ಬಟನ್ನನ್ನೇ ಮರಳಿ ಹಾಕಿಕೊಟ್ಟು ಒತ್ತಿ ತೋರಿಸಿ ಎಂದೆ. ಒತ್ತಿದ ಮೇಲೆ ಅವರು ಫೋನನ್ನು ಕೆಳಗಿಡಲಿಲ್ಲ. ಎದುರಿಗಿದ್ದವರು ಏನಾದರೂ ಅನ್ನಲಿ ಎಂದು ಕಾಯುವವರಂತೆ ಅದನ್ನೇ ನೋಡುತ್ತಿದ್ದರು. ಇಷ್ಟು ದಿನ ನಾನು ಬಟನ್ನಿನ ಈಚೆಯ ಸರದಿಯನ್ನು ನೋಡಿದ್ದೆನೇ ಹೊರತು, ಆಚೆಗಿದ್ದ ಈ ಕಾಯುವಿಕೆಯನ್ನು ನೋಡಿರಲಿಲ್ಲ.

ಆಮೇಲೆ ಬರೆದದ್ದು ಕೆಲವೇ ಸಾಲು. ಬಟನ್ ಎಷ್ಟು ಸಲ ಒತ್ತಿದರೂ, ಕಾಯಿ ಕಿತ್ತು ಮುಗಿಯುವವರೆಗೆ ಹೊಸ ಕೆಲಸ ಹುಟ್ಟುವುದಿಲ್ಲ, ಪ್ರತಿ ಸಲವೂ ಮೊದಲೇ ರೆಕಾರ್ಡ್ ಮಾಡಿಟ್ಟ ಮಂಜಣ್ಣನ ಧ್ವನಿ ಕೇಳಿಸುತ್ತದೆ: “ಹೂಂ, ಗ್ಯಾಪ್ಕ ಐತೆ, ಬತ್ತೀವಿ.” ಜಯಮ್ಮ ಈಗ ನೆನಪಿಸಬೇಕಿಲ್ಲದಾಗಲೂ ಒತ್ತುತ್ತಾರೆಂದು ಸುದ್ದಿ.

ಮೊನ್ನೆ ತೋಟಕ್ಕೆ ಹೋದಾಗ ಚೀಲ ಬೇಲಿಗೂಟದಲ್ಲಿತ್ತು. ನಾನು ನಿಂತಿದ್ದಷ್ಟು ಹೊತ್ತೂ ಅದರೊಳಗಿಂದ ಸದ್ದಿಲ್ಲ. ಮೇಲಿಂದ ಮಚ್ಚಿನ ಏಟು, ಕಾಯಿ ಬೀಳುವ ಸದ್ದು, ಅಷ್ಟೇ. ಮಂಜಣ್ಣ ಇಳಿದು ಬಂದು, “ಸಾಯಂಕಾಲ ಊಟಕ್ಕೆ ಬಾರೇ” ಎಂದ. “ಬತ್ತೀನಿ” ಎಂದೆ. ಚಪ್ಪಲಿ ಮೆಟ್ಟಿ, ಚೀಲವನ್ನು ಬೈಕಿಗೆ ಸಿಕ್ಕಿಸಿ, ಹೊರಟವನು ಬೇಲಿಯಾಚೆ ನಿಲ್ಲಿಸಿ ತಿರುಗಿದ.

“ಬತ್ತೀಯ ತಾನೆ?”

“ಹೂಂ ಕಣಣ್ಣ, ಬತ್ತೀನಿ.”