ಕಡ ತೀರಿಸಿದ ಎಣ್ಣೆ

ರಾವಂದೂರಿನ ಜಯಲಕ್ಷ್ಮಮ್ಮ ಮದುವೆಯಾಗಿ ಬಂದಾಗಿನಿಂದ ನಿಪ್ಪಟ್ಟು ತಟ್ಟುತ್ತಲೇ ಇದ್ದಾಳೆ. ಹಬ್ಬಕ್ಕೆ, ಸೀಮಂತಕ್ಕೆ, ನಾದಿನಿಯರ ಬಾಣಂತನಕ್ಕೆ. ತಿಂದವರೆಲ್ಲ ಹೊಗಳಿದ್ದು ‘ಕಾಂತರಾಜು ಮನೆ ನಿಪ್ಪಟ್ಟು’ ಎಂದೇ. ಮೈಸೂರಿನಲ್ಲಿ ಅಂಗಡಿ ಇಟ್ಟಿರುವ ನಂದಿತಾ ಆರ್ಡರ್ ಕೊಟ್ಟು ಲೇಬಲ್ ಕಳಿಸಿದಾಗ, ಅದರಲ್ಲಿ ಗಂಡನ ಹೆಸರಿರಲಿಲ್ಲ. ‘ತಯಾರಿಸಿದವರು: ಜಯಲಕ್ಷ್ಮಮ್ಮ’ ಎಂದಿತ್ತು. ಮೇಲೆ ಹಸಿರು ಅಕ್ಷರದಲ್ಲಿ ‘ಕುಲಾಂತರಿ ಪದಾರ್ಥ ಇಲ್ಲ’.

ಪ್ರಯೋಗಾಲಯದಲ್ಲಿ ಗುಣ ಬದಲಿಸಿದ ಬೀಜದ ಬೆಳೆ ಯಾವುದೂ ಸೇರಿಲ್ಲ ಎಂದು ಅದರ ಅರ್ಥ. “ಹಾಗಂತ ಬರೆದ್ಮೇಲೆ ಯಾವ ಸಾಮಾನು ಎಲ್ಲಿಂದ ಬಂತು ಅಂತ ತೋರಿಸ್ಬೇಕು ಆಂಟಿ, ಸುಮ್ನೆ ಅಂಟಿಸೋ ಹಾಗಿಲ್ಲ,” ಎಂದಿದ್ದಳು ನಂದಿತಾ. ಜಯಲಕ್ಷ್ಮಮ್ಮನಿಗೆ ಅದು ಕಷ್ಟವೆನಿಸಲಿಲ್ಲ. ಅಕ್ಕಿ, ಕಡಲೆಕಾಯಿ ಹೊಲದ್ದು. ಎಣ್ಣೆ ಊರ ಗಾಣದ್ದು.

ಪೊಟ್ಟಣಗಳಿಗೆಲ್ಲ ಲೇಬಲ್ ಅಂಟಿಸಿ, ಕಾಂತರಾಜು ಬಸ್ಸಿಗೆ ಹಾಕಲು ಹೊರಟಿದ್ದ. ಆಗ ಅತ್ತೆ ಕೇಳಿದರು: “ಎಣ್ಣೆ ಸಾಲ್ತಾ? ಮೊನ್ನೆ ಭದ್ರಿ ಕಡ ತೀರಿಸಿದ್ಲು. ನಿನ್ ಗಾಣದೆಣ್ಣೆ ಡಬ್ಬಕ್ಕೇ ಸುರ್ದೆ.”

ಪಕ್ಕದ ಮನೆಯ ಭದ್ರಮ್ಮ ಕಡ ಒಯ್ದದ್ದು ಗಾಣದ ಎಣ್ಣೆ. ತಂದುಕೊಟ್ಟದ್ದು ಯಾವುದು? ಕಡ ತೀರಿಸುವಾಗ ಅಳತೆ ತುಂಬಿದ್ದರಾಯಿತು, ಜಾತಿ ಕೇಳುವುದು ಅವಮಾನ. ಆದರೂ ಜಯಲಕ್ಷ್ಮಮ್ಮ ಹೋಗಿ ಕೇಳಿದಳು.

“ಅಂಗ್ಡೀದು ಕಣಕ್ಕ. ಯಾಕೆ, ತುಂಬಿದ ಚೊಂಬೇ ಕೊಟ್ಟಿವ್ನಲ್ಲ!” ಎಂದು ಭದ್ರಮ್ಮ ಮುಖ ಊದಿಸಿಕೊಂಡು ಖಾಲಿ ಕವರ್ ತಂದು ತೋರಿಸಿದಳು. ಹತ್ತಿಬೀಜದ ಎಣ್ಣೆ.

“ಅತ್ತಿ ಏನ್ ತಿನ್ನೋ ಬೆಳೆನಾ?” ಮನೆಗೆ ಬಂದು ಹೇಳಿದಾಗ ಕಾಂತರಾಜು ನಕ್ಕ.

“ಬೀಜ ಹಿಂಡಿದ್ರೆ ಎಣ್ಣೆ ಅಲ್ವ್ರಾ? ಎಚ್.ಡಿ. ಕ್ವಾಟೆ ಕಡೆ ಆಕೋದೆಲ್ಲ ಗುಣ ಬದಲ್ಸಿದ್ ಬೀಟಿ ಅತ್ತಿನೇ,” ಎಂದಳು ಜಯಲಕ್ಷ್ಮಮ್ಮ.

“ಒಂದ್ ಚೊಂಬು ಎಣ್ಣೆಗೆ ಯಾವ ಸಾಯೇಬ ಬಂದು ಬಾಣ್ಲಿ ನೆಕ್ತಾನೆ? ಬುಡು.”

“ಇಷ್ಟ್ ವರ್ಷ ನಿಮ್ ಎಸ್ರಲ್ಲಿ ಕರ್ದಿವ್ನಿ. ಇದು ನನ್ ಎಸ್ರು. ಸುಳ್ಳಿನ ಕೆಳಗೆ ಕೂರಾಕಿಲ್ಲ.”

ಅಲ್ಲೇ ನಿಂತು ನಂದಿತಾಗೆ ಫೋನ್ ಮಾಡಿದಳು. “ಎಣ್ಣೆ ಬೆರ್ತೋಗೈತೆ ಕಣವ್ವ, ಈ ಮಾಲು ಕಳ್ಸಲ್ಲ.” ಆ ಕಡೆ ನಂದಿತಾ ದಿನ ಎಣಿಸಿದಳು. ಆಮೇಲೆ, “ಶನಿವಾರದೊಳಗೆ ಬರದಿದ್ರೆ ಬೇರೆಯವ್ರಿಗೆ ಆರ್ಡರ್ ಕೊಡ್ಬೇಕಾಗತ್ತೆ ಆಂಟಿ.”

“ಬತ್ತದೆ,” ಎಂದಳು. ಹೇಗೆಂದು ಆಗಿನ್ನೂ ಅವಳಿಗೂ ಗೊತ್ತಿರಲಿಲ್ಲ.

ಲೇಬಲ್‌ಗಳನ್ನು ಕಿತ್ತಳು. ಅಂಟು ಬಿಡದ ಕಡೆ ಉಗುರು ನೋಯುವಷ್ಟು ಕೆರೆದಳು. ಅತ್ತೆಗೆ ಬೇಸರವಾಗಿತ್ತು. “ನಾಳೆ ಯಾರಾದ್ರೂ ಕಡ ಕೇಳಿದ್ರೆ ಇಲ್ಲ ಅನ್ಲೇನವ್ವ?”

“ಅಡುಗೆ ಡಬ್ಬದಿಂದ ಕೊಡಿ ಅತ್ತೆ, ವಾಪಸ್ ಬಂದಿದ್ನೂ ಅದ್ಕೇ ಸುರೀರಿ. ಮಾರೋ ನಿಪ್ಪಟ್ಟಿನ ಎಣ್ಣೆ ಇನ್ಮೇಲೆ ನನ್ ಬೀರುನಾಗೆ ಇರ್ತದೆ.”

ಕಡಲೆಬೀಜದ ಚೀಲವನ್ನು ಸೊಂಟಕ್ಕೇರಿಸಿ ಹೊರಟಾಗ ಕಾಂತರಾಜು ಬಾಗಿಲಿಗೆ ಬಂದ. “ಮದ್ಯಾನಕ್ಕೆ ಊಟ?”

“ಮುದ್ದೆ ತಿರುವಾಕೆ ಯಾರ್ ಲೇಬಲ್ಲೂ ಬ್ಯಾಡ ಕಣ್ರೀ. ರಾಗಿ ಇಟ್ಟು ಮಡಕೇಲದೆ.”

ಗಾಣದಲ್ಲಿ ಬೆಳಿಗ್ಗೆ ಇನ್ಯಾರದೋ ಎಣ್ಣೆ ತೆಗೆದಿದ್ದರು. ಒರಳಿನ ಬುಡದಲ್ಲಿ ಅದರ ಹಿಂಡಿ ಅಂಟಿತ್ತು. ಜಯಲಕ್ಷ್ಮಮ್ಮ ಸೆರಗು ಸಿಕ್ಕಿಸಿ, ತಾನೇ ಕೆರೆದು ಒರೆಸಿದಳು. ಹಳೆಯದರ ಜಿಡ್ಡು ಬೆರೆತಿರಬಹುದೆಂದು, ಮೊದಲು ಇಳಿದ ಎಣ್ಣೆಯನ್ನು ದೀಪಕ್ಕೆಂದು ಬೇರೆ ಬಟ್ಟಲಿಗೆ ಹಿಡಿದಳು. ಆಮೇಲಷ್ಟೇ ಡಬ್ಬವನ್ನು ತೂತಿನ ಕೆಳಗೆ ಇಟ್ಟು, ಅದು ತುಂಬುವವರೆಗೂ ಅಲ್ಲಿಂದ ಏಳಲಿಲ್ಲ.