ಬಸ್ಸಿಂದೂ ಹಿಡೀರಿ

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವ ಆ ಅಕ್ಕ ನನಗೆ ಸಿಕ್ಕಿದ್ದು ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ. ಇಬ್ಬರಿಗೂ ಸ್ತನ ಕ್ಯಾನ್ಸರ್. ಬೇಗ ಗೊತ್ತಾಗಿದ್ದರಿಂದ ಆಪರೇಷನ್ ಸಲೀಸಾಗಿ ಮುಗಿದು, ರೇಡಿಯೇಷನ್ ಮಾತ್ರ ಬಾಕಿಯಿತ್ತು. ಯಾರು ಯಾವ ಖರ್ಚಿನ ಮಾತೆತ್ತಿದರೂ ಅಕ್ಕ ಬೆರಳೆತ್ತಿ, "ಬಸ್ಸಿಂದೂ ಹಿಡೀರಿ" ಎಂದು ಬಸ್ ಚಾರ್ಜನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದಳು.

"ಇಪ್ಪತ್ತೈದು ದಿನ ಬರಬಹುದು, ಇಲ್ಲಾ ದಿನದ ಡೋಸ್ ಸ್ವಲ್ಪ ಹೆಚ್ಚು ಮಾಡಿ ಹದಿನೈದು ದಿನ. ಎರಡರಲ್ಲೂ ಗುಣ ಅಷ್ಟೇ, ಬಿಲ್ಲೂ ಹೆಚ್ಚುಕಮ್ಮಿ ಅಷ್ಟೇ" ಎಂದರು ಡಾಕ್ಟರು.

ಅಕ್ಕ ಜೊತೆಗೆ ಬಂದಿದ್ದ ಸೊಸೆಯ ಬುಟ್ಟಿಯಿಂದ ದಿನಕ್ಕೊಂದರಂತೆ ಇಪ್ಪತ್ತೈದು ಹಣ್ಣು ತೆಗೆದು ಮೇಜಿನ ಮೇಲೆ ಸಾಲಾಗಿಟ್ಟಳು. ಡಾಕ್ಟರು ಫೈಲು ಸರಿಸಿ ಜಾಗ ಮಾಡಿಕೊಟ್ಟರು. ಹತ್ತು ಹಣ್ಣನ್ನು ತನ್ನ ಕಡೆ ಎಳೆದುಕೊಂಡು ಕೇಳಿದಳು: "ಈ ಹತ್ತು ದಿನದ್ದು ಬಸ್ಸಿಂದೂ ಹಿಡೀರಿ, ನನ್ನ ಯಾಪಾರದ್ದೂ, ಸೊಸಿ ಕೂಲಿದೂ ಹಿಡೀರಿ. ಈಗ ಹೇಳ್ರಿ ಸಾಹೇಬ್ರ, ಯಾವ್ದು ಸೋವಿ?"

ಡಾಕ್ಟರು ನಗುತ್ತಾ ಹದಿನೈದು ಎಂದು ಬರೆದರು.

ಹಿಂದೆ ಕೂತಿದ್ದ ನನ್ನ ಚೀಟಿಯಲ್ಲಿ ಇಪ್ಪತ್ತೈದಿತ್ತು. ಓದಿದವಳಾದರೂ ನಾನು ಡಾಕ್ಟರು ಬರೆದದ್ದನ್ನೇ ಒಪ್ಪಿಕೊಂಡಿದ್ದೆ. "ನೀನೂ ಕೇಳ ತಂಗಿ" ಎಂದು ಅಕ್ಕ ಎದ್ದು ಬಂದು ನನ್ನ ಬೆನ್ನಿಗೆ ತಿವಿದಳು.

ಹದಿನೈದನೆಯ ದಿನ ಅಕ್ಕ ಹತ್ತು ಹಣ್ಣು ತಂದು ಕಾಯುವವರಿಗೆಲ್ಲ ಹಂಚಿದಳು. "ನಾ ಬರೂದು ತಪ್ಪಿದ ದಿನಾ ಇವು, ತಿನ್ರಿ."

ನಾನೂ ಒಂದು ತಿಂದೆ. ನನ್ನ ರೇಡಿಯೇಷನ್ನಿಗೂ ಅದೇ ಕೊನೆಯ ದಿನವಾಗಿತ್ತು.